ಹೆಬ್ಬೆರಳಿನ ಉಗುರು

ಕತ್ರಿಗುಪ್ಪೆಯಲ್ಲಿ ನನ್ನ ಜೊತೆಗೇ ಫ್ಯಾಕ್ಟರಿ ಬಸ್ಸು ಹತ್ತುತ್ತಿದ್ದ ಅವರು, ವಿಮಾನದ ಎಂಜಿನ್ ರಿಪೇರಿ ಶಾಪಿನಲ್ಲಿ ಬ್ಲೇಡುಗಳನ್ನು ಪರೀಕ್ಷಿಸುತ್ತಿದ್ದರು. ತೊಂಬತ್ತರ ದಶಕದ ಮಾತು. ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಉದ್ದ ಬಿಟ್ಟಿದ್ದರು. ಬಸ್ಸಿನಲ್ಲೂ ಅದು ಟಿಫಿನ್ ಡಬ್ಬಿಯ ಅಂಚಿನ ಮೇಲೆ ಓಡಾಡುತ್ತಿತ್ತು.

ಮರುಭೂಮಿಯಲ್ಲಿ ಹಾರಿದ ಎಂಜಿನ್ನಿನೊಳಗೆ ಮರಳು ನುಗ್ಗಿ, ಗಾಳಿ ಒತ್ತುವ ಕಂಪ್ರೆಸರ್ ಬ್ಲೇಡುಗಳ ಅಂಚನ್ನು ಸವೆಸಿರುತ್ತದೆ. "ಒಂದ್ಸಲ ಉಗುರು ಆಡ್ಸಿ ನೋಡಿ ಸಾರ್," ಎನ್ನುವುದು ಅವರ ಮಾತು. ಕಣ್ಣಿಗೆ ಕಾಣದ ಸವೆತವೂ ಅವರ ಉಗುರಿಗೆ ಸಿಗುತ್ತಿತ್ತು. ವಯಸ್ಸಿನಲ್ಲಿ ತೀರಾ ಚಿಕ್ಕವನಾದ ನಾನು ಅವರ ಮೇಲಧಿಕಾರಿ.

ಒಂದು ದಿನ ನನ್ನ ಗೇಜು ಸರಿಯೆಂದ ಬ್ಲೇಡುಗಳನ್ನು ಅವರು ಬೇಡವೆಂದರು. "ಇದೇನು ವೀಣೆ ಕ್ಲಾಸೇನ್ರೀ? ಮೊದ್ಲು ಆ ಉಗುರು ಕತ್ತರಿಸ್ಕೊಂಡು ಬನ್ನಿ," ಎಂದೆ. ಶಾಪೆಲ್ಲ ನಕ್ಕಿತು. ಬ್ಲೇಡುಗಳು ಸರಿಯಿವೆ ಎಂದು ನಾನು ಸಹಿ ಹಾಕಿದೆ.

ಮರುವಾರ ಟೆಸ್ಟಿಗೆ ಓಡಿಸಿದಾಗ ಎಂಜಿನ್ ಕೆಮ್ಮಿ ನಿಂತಿತು. ನನ್ನ ಗೇಜು ಅಳೆದದ್ದು ಬ್ಲೇಡಿನ ನಡುಭಾಗವನ್ನು. ಮರಳು ತಿಂದದ್ದು ತುದಿಯ ಅಂಚನ್ನು. ಬಿಚ್ಚಿದ ಬ್ಲೇಡುಗಳನ್ನು ಅವರ ಮುಂದಿಟ್ಟು, "ಒಂದ್ಸಲ ಉಗುರು ಆಡ್ಸಿ ನೋಡಿ," ಎಂದು ನಾನೇ ಕೇಳಿದೆ.

ಅವರು ಹೆಬ್ಬೆರಳು ಚಾಚಿದರು. ಉಗುರನ್ನು ಬುಡದವರೆಗೆ ಕತ್ತರಿಸಿದ್ದರು.

"ನೀವು ಹೇಳಿದ್ರಲ್ಲ ಸಾರ್," ಎಂದರು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.