ಬೆಂಡು ತೆಗೆಯುವ ಚಲುವಯ್ಯ ಕಟ್ಟಿದ ಬಳುಕುವ ಪ್ರೋಟೀನು

ಬೆಳಗಿನ ಆರು ಗಂಟೆ. ಪಾಂಡವಪುರ ರೈಲು ನಿಲ್ದಾಣದ ಎದುರಿನ ಸೈಕಲ್ ಶಾಪಿನಲ್ಲಿ ಚಲುವಯ್ಯ ಆಳೆತ್ತರದ ತಂತಿಗೂಡೊಂದನ್ನು ಹಿಡಿದು ಅಲ್ಲಾಡಿಸುತ್ತಿದ್ದಾರೆ. ಸೈಕಲ್ ಕಡ್ಡಿ, ಸ್ಪ್ರಿಂಗು, ಬಣ್ಣದ ಮಣಿ ಸೇರಿಸಿ ಕಟ್ಟಿದ ಅದು ಒಂದು ಪ್ರೋಟೀನಿನ ಮಾದರಿ. ಕಣ್ಣಿಗೇ ಕಾಣದ ವಸ್ತುವನ್ನು ಹೊರಗೆ ತರಲು ಅಂಗಡಿಯ ಒಂದು ಬಾಗಿಲು ಕಳಚಬೇಕಾಗಿದೆ. ಏಳೂಕಾಲರ ರೈಲಿಗೆ ಅದು ಮೈಸೂರಿಗೆ ಹೋಗಬೇಕು. ಬಾಕಿ ಇರುವುದು ಒಂದೇ ಕೀಲು.

ಐವತ್ತೆರಡು ವರ್ಷದ ಚಲುವಯ್ಯ ಬೂಕನಕೆರೆಯವರು. ದಿನಕ್ಕೆ ಒಂಬತ್ತು ಪಂಚರು, ಓಲಾಡುವ ನಾಲ್ಕು ಚಕ್ರದ ಬೆಂಡು ತೆಗೆಯುವುದು. ಮೂವತ್ತು ವರ್ಷದಿಂದ ಇದೇ ಲೆಕ್ಕ. ಇವರು ಬೆಂಡು ತೆಗೆದ ಸೈಕಲ್ಲೊಂದು ಪೆಡಲು ತುಳಿಯದೆಯೇ ನಾಗಮಂಗಲ ಮುಟ್ಟಿತೆಂದು ಪಕ್ಕದ ಟೀ ಅಂಗಡಿಯ ಸೋಮಯ್ಯ ಹೇಳುತ್ತಾರೆ. ದಾರಿಯ ಏರುಗಳ ಬಗ್ಗೆ ಕೇಳಿದವರಿಗೆ ಅವರು ಟೀ ಕೊಡುವುದಿಲ್ಲ.

ಕಳೆದ ವರ್ಷ, ೧೯೯೫ರಲ್ಲಿ, ಕಿಕ್ಕೇರಿಯ ಸುನಿತಾ ಪ್ರೋಟೀನೊಂದರ ಬಳುಕುವ ಮಾದರಿ ಕಟ್ಟಿಸಲು ಇಲ್ಲಿಗೆ ಬಂದರು. ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುವ ಇವರ ಕೈಯಲ್ಲಿ ಎರಡು ಪಟ್ಟಿಗಳಿದ್ದವು. ಒಂದು ಎಕ್ಸ್-ರೇ ಪ್ರಯೋಗದ್ದು: ಹರಳುಗಟ್ಟಿಸಿದ ಪ್ರೋಟೀನಿನ ಪಟದಲ್ಲಿ ಯಾವ ಭಾಗ ಎಷ್ಟು ಮಸುಕು ಎಂದು ಅದು ಹೇಳುತ್ತದೆ. ಮಸುಕಾದಷ್ಟೂ ಓಲಾಟ ಹೆಚ್ಚು. ಇನ್ನೊಂದು ಕಂಪ್ಯೂಟರಿನದು: ಅದೇ ಪ್ರೋಟೀನನ್ನು ಲೆಕ್ಕದಲ್ಲೇ ನೀರಿಗೆ ಬಿಟ್ಟು, ಹೇಗೆ ಬಳುಕುತ್ತದೆಂದು ಮೂರು ತಿಂಗಳು ಎಣಿಸಿದ್ದು. ಎರಡೂ ಗಟ್ಟಿ ಎಂದಲ್ಲಿ ಕಡ್ಡಿ, ಎರಡೂ ಸಡಿಲ ಎಂದಲ್ಲಿ ಸ್ಪ್ರಿಂಗು.

ಮೊದಲ ಸಲ ಚಲುವಯ್ಯ ಪಟ್ಟಿಯಲ್ಲಿದ್ದಂತೆಯೇ ಕಟ್ಟಿದರು. ಆಮೇಲೆ, ಅಲ್ಲಾಡುತ್ತದಲ್ಲ ಎಂದು ಮನಸ್ಸು ತಡೆಯದೆ, ಪೂರ್ತಿ ಬಿಗಿ ಮಾಡಿಬಿಟ್ಟರು.

"ಏನ್ ಚಲುವಣ್ಣ ಇಂಗ್ ಮಾಡ್ಬುಟ್ರಿ? ಇದು ಬಾಯಿ ತೆಗುದ್ರೆ ತಾನೆ ಔಸ್ದಿ ಒಳಿಕ್ಕೋಗದು!" ಎಂದು ಸುನಿತಾ ಅತ್ತೇಬಿಟ್ಟರು.

"ಅಲ್ಲಾಡೋದ ಅಂಗೇ ಕಳುಸ್ಬುಟ್ರೆ ನನ್ ಅಂಗ್ಡಿ ಮರ್ವಾದೆ ಏನಾಗ್ಬೇಕವ್ವ?" ಎಂದರು ಇವರು.

ಅದನ್ನು ಬಿಚ್ಚಿ ಮತ್ತೆ ಪಟ್ಟಿಯಂತೆ ಕಟ್ಟಿದ್ದಾಯಿತು. ಇವತ್ತಿನ ತಕರಾರು ಬೇರೆ. ಬಾಯಂಚಿನ ಕೊನೆಯ ಕೀಲು ಕುಣಿಯುತ್ತದೆ ಎನ್ನುತ್ತದೆ ಕಂಪ್ಯೂಟರು. ಅಲುಗುವುದೇ ಇಲ್ಲ ಎನ್ನುತ್ತದೆ ಎಕ್ಸ್-ರೇ. ಮಧ್ಯಾಹ್ನ ಪ್ರೊಫೆಸರುಗಳೆದುರು ಸುನಿತಾ ಇದನ್ನು ತೋರಿಸಬೇಕು. ಕೀಲು ತಪ್ಪಾದರೆ ಅವರ ಮೂರು ವರ್ಷದ ಕೆಲಸ ಕೆಡುತ್ತದೆ. ಕಡ್ಡಿಯೋ, ಸ್ಪ್ರಿಂಗೋ?

"ಪಟ ತೆಗೆವಾಗ ಇದೊಂದೇ ಇತ್ತಾ?" ಪಕ್ಕದಲ್ಲಿ ನಿಂತ ಸುನಿತಾರನ್ನು ಚಲುವಯ್ಯ ಕೇಳುತ್ತಾರೆ.

"ಇಲ್ಲಣ್ಣ. ಆ ಹರಳೊಳ್ಗೆ ಇಂಥವೇ ಕೋಟಿಗಟ್ಲೆ ಒತ್ಕಂಡಿರ್ತವೆ."

"ಇನ್ನೇನ್ ಮತ್ತೆ! ಸಂತೆ ದಿನ ಕೆ.ಆರ್.ಪೇಟೆ ಬಸ್ಸತ್ತಿ ನೋಡವ್ವ. ಎಂಥ ಕುಣಿಯೋನ್ಗೂ ಕೈ ಎತ್ತಕಾಯ್ತದಾ? ಇಳುದ್ಮೇಲೆ ತಾನೆ ಕುಣಿಯೋದು?"

ಸುನಿತಾ ಚೀಲದಿಂದ ಹರಳಿನ ನಕ್ಷೆ ತೆಗೆದು ನೋಡುತ್ತಾರೆ. ಪಕ್ಕದ ಪ್ರೋಟೀನು ಸರಿಯಾಗಿ ಆ ಕೀಲಿನ ಮೇಲೇ ಮೊಣಕೈ ಊರಿದೆ.

"ಸ್ಪ್ರಿಂಗೇ ಹಾಕಣ್ಣ," ಎನ್ನುತ್ತಾರೆ.

ಸ್ಪ್ರಿಂಗು ಕೂರುತ್ತದೆ. ಪ್ರೋಟೀನು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ನೋಡುತ್ತ ನಿಂತ ಚಲುವಯ್ಯ ಕೈಯಲ್ಲಿದ್ದ ಸ್ಪ್ಯಾನರನ್ನು ಸೋಮಯ್ಯನವರಿಗೆ ಕೊಟ್ಟುಬಿಡುತ್ತಾರೆ.

"ರೈಲು ಓಗೋಗಂಟ ಮಡಿಕ್ಕಳಪ್ಪ, ನಾನು ಬೇಡುದ್ರೂ ಕೊಡ್ಬೇಡ. ಅಲ್ಲೂ ಯಾವನಾದ್ರೂ ಬೆಂಡ್ ತೆಗೆಯೋನಿದ್ರೆ ಇದ್ರತ್ರ ಸೇರುಸ್ಬೇಡ ಕಣವ್ವ ಸುನಿತಾ. ನಂಗೇ ಕೈ ಕಡೀತಾ ಅದೆ."