ಲವಂಗದ ನಶೆ

2009ರ ಚಳಿಗಾಲ. ರಾಮದುರ್ಗದ ನಮ್ಮ ಮನೆಯ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ಬಲಗೆನ್ನೆಗೆ ಕರೆಂಟ್ ಹೊಡೆದಂತಾಯಿತು. ಕಿವಿಯಿಂದ ದವಡೆಯವರೆಗೆ. ಬ್ರಷ್ ಕೈಜಾರಿತು. ಆಮೇಲೆ ಏನೂ ಇಲ್ಲ. ಮಧ್ಯಾಹ್ನ ಸಾಲೆಯಲ್ಲಿ ಪದ್ಯ ಓದುವಾಗ ಮತ್ತೆ ಹೊಡೆಯಿತು. ಮಕ್ಕಳೆದುರು ಚೀರಿಬಿಟ್ಟೆ.

ಹಲ್ಲಿನ ಡಾಕ್ಟರ್ ಒಂದು ದವಡೆಹಲ್ಲು ಕಿತ್ತರು. ನೋವು ಹೋಗಲಿಲ್ಲ. ಪಕ್ಕದ್ದನ್ನೂ ಕಿತ್ತರು.

ಎರಡೂ ಗಟ್ಟಿ ಹಲ್ಲುಗಳೇ ಆಗಿದ್ದವು.

ಕೊನೆಗೆ ಬೆಳಗಾವಿಗೆ ಹೋದೆವು. ನ್ಯೂರಾಲಜಿಸ್ಟ್ ಎಂ.ಆರ್.ಐ. ಮಾಡಿಸಿ ಹೇಳಿದರು: "ಇದು ಹಲ್ಲಿಂದಲ್ರೀ ಟೀಚರ್, ನರದ್ದು. ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅಂತೇವಿ." ಕಾರ್ಬಮಜೆಪಿನ್ ಮಾತ್ರೆ ಬರೆದುಕೊಟ್ಟರು. ಮಿಂಚಿನಂಥ ಹೊಡೆತ ಕಡಿಮೆಯಾಯಿತು. ಆದರೆ ತಲೆ ತಿರುಗತೊಡಗಿತು. ಗೋಡೆ ಹಿಡಿದು ತರಗತಿಗೆ ಹೋಗುವಂತಾಯಿತು. ಹಲ್ಲು ಕಿತ್ತ ಜಾಗ ಬೇರೆ ಮಿಡಿಯುತ್ತಿತ್ತು. ಅಲ್ಲಿಗೆ ಅತ್ತೆ ಲವಂಗ ಜಜ್ಜಿ ಇಡುತ್ತಿದ್ದರು, ಕರಿಮೆಣಸಿನ ಕಷಾಯ ಕುಡಿಸುತ್ತಿದ್ದರು. ವಸಡು ಜೋಮು ಹಿಡಿದು ಸ್ವಲ್ಪ ಹೊತ್ತು ಹಾಯೆನಿಸುತ್ತಿತ್ತು.

ಮುಂದಿನ ಸಲ ಗಂಡನ ಜೊತೆ ಬೆಳಗಾವಿಗೆ ಹೋದಾಗ ಡಾಕ್ಟರರನ್ನು ಕೇಳಿದೆ: "ಲವಂಗದಾಗ ಖರೇನ ಏನರ ಐತೇನ್ರೀ, ಇಲ್ಲಾ ನನ್ನ ಭ್ರಮಿನೋ?"

ಅವರಿಗೆ ಖುಷಿಯಾಯಿತು. "ವಸಡಿಗೆ ಜೋಮು ಬರೂದು ಖರೇನ. ಇನ್ನೊಂದು ಮಜಾ ಐತಿ ನೋಡ್ರಿ. ಲವಂಗ, ಮೆಣಸಿನ್ಯಾಗ ಒಂದು ಅಂಶ ಇರತೈತಿ. ನಮ್ಮ ಮೈಯಾಗ ಗಾಂಜಾದ ಅಂಶಗಳು ಹೋಗಿ ಕೂಡೂ ಜಾಗಾ ಇರತಾವು, ಅಂಥಾದ್ದೊಂದರಾಗ ಇದೂ ಹೋಗಿ ಕೂಡತೈತಿ ಅಂತ ಈಗೀಗ ಹೇಳಾಕ ಹತ್ತ್ಯಾರ. ನಶಾ ಗಿಶಾ ಏನೂ ಇಲ್ಲ. ಆದ್ರ ನಿಮ್ಮ ನರದ ನೋವಿಗೆ ಇದು ಔಷಧ ಅಲ್ಲ. ಗುಳಿಗಿ ಮಾತ್ರ ಬಿಡಬ್ಯಾಡ್ರಿ."

ಇಷ್ಟು ಮಾತಿನಲ್ಲಿ ನನ್ನ ಗಂಡನಿಗೆ ಕೇಳಿದ್ದು ಒಂದೇ ಶಬ್ದ.

ಮನೆಗೆ ಬಂದವರೇ ತಮ್ಮ ಅಣ್ಣನ ಮುಂದೆ ಹೇಳಿದರು. ಭಾವ ಕಟ್ಟೆಯ ಮೇಲೆ ಕೂತು ದೊಡ್ಡ ದನಿಯಲ್ಲಿ, "ಅದಕ್ಕ ಓಲಾಡತಾಳ ನೋಡು! ಲಿಂಗ ಕಟ್ಟಿಕೊಂಡವರ ಮನ್ಯಾಗ ಗಾಂಜಾ!" ಎಂದರು. ಲವಂಗದ ಡಬ್ಬಿ ತಿಪ್ಪೆಗೆ ಹೋಯಿತು. ಮಾತ್ರೆಯನ್ನೂ ಗಂಡ ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಇದರಾಗೂ ಅದ ಇರಬೇಕು" ಎಂದರು. ಗಟ್ಟಿ ಹಲ್ಲು ಕೀಳುವಾಗ ಒಂದು ಪ್ರಶ್ನೆ ಕೇಳದೆ ನನ್ನ ತಲೆ ಹಿಡಿದುಕೊಂಡಿದ್ದ ಮನುಷ್ಯ.

ಅತ್ತೆ ಮಾತ್ರ ಹೊರಬಂದು ಭಾವನಿಗೆ ಅಂದರು: "ಲವಂಗಕ್ಕ ನಶಾ ಏರಿದ್ರ, ಮಸಾಲಿ ಅನ್ನ ಉಂಡು ನೀ ಎಷ್ಟ ಸಲ ಗಟಾರದಾಗ ಬಿದ್ದೀಪಾ?"

ಭಾವ ಎದ್ದು ಹೋದರು. ಗಂಡ ಮಾತ್ರ ಕಪಾಟಿನ ಬೀಗ ತೆರೆಯಲಿಲ್ಲ.

ಮಾತ್ರೆ ನಿಂತಿತು. ನೋವು ತಿರುಗಿ ಬಂತು, ಮೊದಲಿಗಿಂತ ಕೆಟ್ಟದಾಗಿ. ಗಾಳಿ ಸೋಕಿದರೆ ಹೊಡೆತ. ರೊಟ್ಟಿ ಹೋಗಲಿ, ಗಂಜಿಯೂ ಆಗದು. ಮಾತಾಡಿದರೆ ನೋವು, ಆದ್ದರಿಂದ ನನ್ನ ಪರವಾಗಿ ನಾನೇ ಮಾತಾಡಲಾರದೆ ಹೋದೆ. ಕಟ್ಟೆಯ ಮಾತು ಸಾಲೆಯವರೆಗೆ ಮುಟ್ಟಿತ್ತು. ಹೆಡ್‌ಮಾಸ್ತರರು ಮನೆಗೇ ಬಂದು, "ಸ್ವಲ್ಪ ದಿನಾ ರಜಾ ಹಾಕ್ರಿ ಅಕ್ಕಾರ, ಪಾಲಕರು ಕೇಳಾಕ ಹತ್ತ್ಯಾರ" ಎಂದರು. ಬಾಯಿ ತೆರೆಯಲಾಗದ ನಾನು ತಲೆಯಾಡಿಸಿದೆ. ಅವರು ಅದನ್ನು ಒಪ್ಪಿಗೆ ಎಂದುಕೊಂಡರು.

ಒಂದು ಬೆಳಿಗ್ಗೆ ನೀರಡಿಸಿ ನೀರು ಕುಡಿಯಲಾಗದೆ ಅಡುಗೆಮನೆಯಲ್ಲಿ ಬಿದ್ದೆ. ಅತ್ತೆ ಒರಳುಕಲ್ಲಿನ ಗುಂಡಿನಿಂದ ಕಪಾಟಿನ ಬೀಗ ಒಡೆದರು. ಮಗನಿಗೆ ಹೇಳಿದ್ದು ಇಷ್ಟೇ: "ಗಾಡಿ ತರಸು."

ಬೆಳಗಾವಿಯಲ್ಲಿ ಸಲೈನ್ ಹಚ್ಚಿದರು. ಡಾಕ್ಟರ್ ನನ್ನ ಗಂಡನನ್ನು ಹೊರಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು. ಏನು ಹೇಳಿದರೋ ಗೊತ್ತಿಲ್ಲ. ಒಳಗೆ ಬಂದ ಗಂಡ ನನ್ನ ಮುಖ ನೋಡಲಿಲ್ಲ. ಅಂದಿನಿಂದ ಮಾತ್ರೆ ತಂದುಕೊಡುವವರು ಅವರೇ. ಡಾಕ್ಟರ್ ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನ ಏರಿಸಿದರು, ಓಲಾಟ ನಿಂತಿತು.

ಈಗ ಮತ್ತೆ ಪಾಠ ಮಾಡುತ್ತೇನೆ. ನೋವು ವಾಸಿಯಾಗಿಲ್ಲ, ತೂಕಡಿಸುತ್ತಿದೆ, ಅಷ್ಟೇ. ಕೆಲವು ಪಾಲಕರು ಈಗಲೂ ನನ್ನ ಕಣ್ಣು ಕೆಂಪಾಗಿವೆಯೇ ಎಂದು ನೋಡುತ್ತಾರೆ. ಡಾಕ್ಟರರಿಗೆ ಕೈಮುಗಿದು ಬಂದಿದ್ದೇನೆ. ಅತ್ತೆಯ ಕಾಲು ಮುಟ್ಟಿದ್ದೇನೆ. ಮೊನ್ನೆ ಗಂಡ ಮಾತ್ರೆಯ ಜೊತೆ ನೀರು ಕೊಡುತ್ತ, "ಆಗಿದ್ದಾತು, ಮನಸಿನ್ಯಾಗ ಇಟಗೋಬ್ಯಾಡ" ಅಂದರು.

ನೀರು ಕುಡಿದೆ. ಮಾತಾಡಲು ಆ ದಿನ ನೋವೇನೂ ಇರಲಿಲ್ಲ. ಆದರೂ ಮಾತಾಡಲಿಲ್ಲ.