ಚಾರ್ಮಾಡಿ ಹತ್ತದ ಲಾರಿ

ಅಣ್ಣ ತೀರಿಕೊಂಡ ಮೇಲೆ ಅವನ ಲಾರಿಯನ್ನು ನಾನು ಓಡಿಸತೊಡಗಿದೆ. ಮೂಡುಬಿದಿರೆ ಕಡೆಯ ಕೋರೆಯಿಂದ ಕೆಂಪು ಕಲ್ಲು ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುವುದು ಅವನ ಕೆಲಸವಾಗಿತ್ತು. ನನ್ನ ಕೈಯಲ್ಲಿ ಲಾರಿ ಘಾಟಿ ಹತ್ತಲೇ ಇಲ್ಲ. ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇರಲಿಲ್ಲ. ಮೂರನೇ ತಿರುವಿಗೆ ಬರುವಾಗ ಮಾತ್ರ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರುತ್ತಿತ್ತು. ಎರಡು ಸಲ ಲೋಡು ಸಮೇತ ವಾಪಸು ತಂದೆ.

"ಇಂಜಿನ್ ಹೋಗಿದೆ, ಗುಜರಿಗೆ ಕೊಡು" ಎಂದು ಬಂಟ್ವಾಳದ ಲಾರಿ ಸ್ಟ್ಯಾಂಡಿನಲ್ಲಿ ಹೇಳಿದವರೇ ಹೆಚ್ಚು. ಅದನ್ನೂ ಕೊಟ್ಟರೆ ಅಣ್ಣನದು ಎಂದು ಮನೆಯಲ್ಲಿ ಉಳಿಯುವುದು ಎರಡು ಅಂಗಿ ಮಾತ್ರ.

ಬೆಳ್ತಂಗಡಿಯ ಮೆಕ್ಯಾನಿಕ್ ಅಣ್ಣನ ಹಳೆಯ ಗೆಳೆಯ. ಮೊದಲ ಸಲ ಹೋದಾಗ ಫ್ಯಾನ್ ಬೆಲ್ಟ್ ಬದಲಾಯಿಸಿದರು. ಸರಿಯಾಗಲಿಲ್ಲ. ಎರಡನೇ ಸಲ ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿಸಿ ಬಹಳ ಹೊತ್ತು ನೋಡಿದರು.

"ನೀರಲ್ಲಿ ಗುಳ್ಳೆ ಇಲ್ಲ. ಇಂಜಿನ್ ಗಟ್ಟಿ ಉಂಟು."

ಆಮೇಲೆ ಲಾರಿಯ ಮುಂದೆ ಹೋಗಿ ನಿಂತರು. ಅಲ್ಲಿ ಅಣ್ಣನ ಫೋಟೋ ಇದ್ದ ಶ್ರದ್ಧಾಂಜಲಿ ಫ್ಲೆಕ್ಸ್ ಇತ್ತು. ಉತ್ತರಕ್ರಿಯೆಯ ದಿನ ಸ್ಟ್ಯಾಂಡಿನವರು ರೇಡಿಯೇಟರಿನ ಮುಂದಿನ ಇಡೀ ಜಾಲರಿ ಮುಚ್ಚುವ ಹಾಗೆ ಕಟ್ಟಿದ್ದು. ಅದನ್ನು ಮುಟ್ಟಲು ಯಾರಿಗೂ ಮನಸ್ಸು ಬಂದಿರಲಿಲ್ಲ.

"ಒಂದು ಪೇಪರ್ ಕೊಡು."

ಫ್ಲೆಕ್ಸಿನ ಅಂಚಿನಲ್ಲಿ ಸ್ವಲ್ಪವೇ ತೆರೆದಿದ್ದ ಜಾಲರಿಗೆ ಪೇಪರ್ ಹಿಡಿದರು. ಗಾಳಿ ಅದನ್ನು ಒಳಕ್ಕೆ ಎಳೆದುಕೊಂಡಿತು. ಫ್ಲೆಕ್ಸಿನ ಮೇಲೆ ಇಟ್ಟರು. ಕೆಳಗೆ ಬಿತ್ತು.

"ಗಾಳಿಯೇ ಹೋಗ್ತಾ ಇಲ್ಲ. ನನಗೆ ಮೊನ್ನೆಯೇ ಸಂಶಯ ಇತ್ತು. ಆದರೆ ಇದನ್ನು ತೆಗಿ ಅಂತ ನಿನ್ನ ಹತ್ತಿರ ಹೇಳುವುದು ಹೇಗೆ ಮಾರಾಯ? ಬೆಲ್ಟ್ ಹಾಕಿ ಕಳಿಸಿದೆ."

ನಾನು ಫ್ಲೆಕ್ಸಿನ ಮೂಲೆಯ ಗಂಟಿಗೆ ಕೈ ಹಾಕಿದೆ.

"ಅವನು ಇದ್ದಿದ್ದರೆ ಮೊದಲು ನಿನಗೆ ಬೈತಿದ್ದ, ಮತ್ತೆ ನನಗೆ. ಲಾರಿಯ ಮೂಗು ಮುಚ್ಚಿ ಗುಡ್ಡೆ ಹತ್ತಿಸ್ತೀರಾ ಅಂತ."

ನನಗೆ ನಗು ಬಂತು. ಅಣ್ಣ ಹೋದ ಮೇಲೆ ಅದೇ ಮೊದಲು. ಗಂಟುಗಳು ಬಿಗಿದಿದ್ದವು, ಕತ್ತರಿಸಲು ಅವರು ಬಿಡಲಿಲ್ಲ. ಒಂದೊಂದಾಗಿ ಇಬ್ಬರೂ ಬಿಚ್ಚಿದೆವು. ಅಣ್ಣನ ಮುಖದ ಮೇಲೆ ಮಡಿಕೆ ಬೀಳದ ಹಾಗೆ ಸುತ್ತಿ ಸೀಟಿನ ಹಿಂದೆ ಇಟ್ಟೆ.

ಮರುದಿನ ಲೋಡು ತುಂಬಿಕೊಂಡು ಹೊರಟೆ. ಮೂರನೇ ತಿರುವಿನಲ್ಲಿ ರಸ್ತೆಗಿಂತ ಹೆಚ್ಚು ಮುಳ್ಳನ್ನೇ ನೋಡುತ್ತಿದ್ದೆ. ಅದು ನಡುವಿನಿಂದ ಸ್ವಲ್ಪ ಮೇಲೆ ಹೋಗಿ ಅಲ್ಲೇ ನಿಂತಿತು. ಎಲ್ಲಿಯೂ ನಿಲ್ಲಿಸದೆ ಮೇಲೆ ತಲುಪಿದೆ. ಕಲ್ಲು ಇಳಿಸಿಕೊಂಡ ಮನೆಯವರು ಇನ್ನೊಂದು ಲೋಡು ಯಾವಾಗ ಎಂದು ಕೇಳಿದರು.

"ನಾಡಿದ್ದು ತರ್ತೇನೆ" ಎಂದೆ.